ಮಗಳು ಚಿಕಾನೊ-ಲ್ಯಾಟಿನೊ ಸ್ಟಡೀಸ್ ಓದುತ್ತೇನೆ ಅನ್ನುತ್ತಿದ್ದಾಳೆ, ಬೇಡ ಅನ್ನಬೇಕಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಮದುವೆಯಾದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದ್ದೇವೆ. ಮಗಳು ಇಲ್ಲೇ ಹುಟ್ಟಿದವಳು. ಯೂನಿವರ್ಸಿಟಿಯಲ್ಲಿ ಬಯಾಲಜಿ ಎರಡನೇ ವರ್ಷ. ಡಾಕ್ಟರ್ ಆಗುವ ಆಸೆ ಅವಳದ್ದೇ, ನಾವು ಹೇರಿದ್ದಲ್ಲ. ಈಗ ಇದ್ದಕ್ಕಿದ್ದಂತೆ ಚಿಕಾನೊ-ಲ್ಯಾಟಿನೊ ಸ್ಟಡೀಸನ್ನು ಎರಡನೇ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಆಗಿ ತಗೊಳ್ಳುತ್ತೇನೆ ಅನ್ನುತ್ತಿದ್ದಾಳೆ. ಇದು ಓದುವ ವಿಷಯವಾ, ಚಳವಳಿಯಾ? ನಾವು ಆ ಜನ ಅಲ್ಲ, ಅವಳನ್ನು ಅಲ್ಲಿ ಸೇರಿಸಿಕೊಳ್ಳುತ್ತಾರಾ? ಮೆಡಿಕಲ್‌ಗೆ ತೊಂದರೆ ಆಗಲ್ವಾ? (ಒಬ್ಬ ತಾಯಿ, ಆರೆಂಜ್ ಕೌಂಟಿ)

ಉತ್ತರ:

ತಗೊಳ್ಳಲಿ ಬಿಡಿ. ಉತ್ತರ ಉದ್ದ ಇದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಎರಡು ಷರತ್ತು ಹಾಕಿ. ಒಂದು, ಸ್ಪ್ಯಾನಿಷ್ ಗಟ್ಟಿಯಾಗಿ ಕಲಿಯಬೇಕು. ಹೈಸ್ಕೂಲಿನಲ್ಲಿ ಓದಿ ಮರೆತಷ್ಟು, ಅಂಗಡಿಯಲ್ಲಿ ಟಾಕೊ ಕೇಳುವಷ್ಟು ಸಾಲದು. ಎರಡು, ಸಂಶೋಧನೆ ಹೇಗೆ ಮಾಡಬೇಕು ಅಂತ ಕಲಿಸುವ ಕ್ಲಾಸುಗಳನ್ನು ತಪ್ಪಿಸಬಾರದು. ಅಂಕಿಅಂಶ, ಸಂದರ್ಶನ, ಹಳೆ ದಾಖಲೆ ಓದುವುದು, ಇವೆಲ್ಲ. ಇವೆರಡು ಇಲ್ಲದೆ ಓದಿದವರು ಬಹಳ ಜನ ಇದ್ದಾರೆ. ಅವರ ಬಳಿ ಅಭಿಪ್ರಾಯ ಜಾಸ್ತಿ, ಕೈಗೆ ಬಂದ ಕೆಲಸ ಕಮ್ಮಿ.

ಓದುವ ವಿಷಯವಾ ಚಳವಳಿಯಾ ಅಂತ ಕೇಳಿದ್ದೀರಿ. ಅಮೆರಿಕದಲ್ಲಿರುವ ಮೆಕ್ಸಿಕನ್ ಮತ್ತು ಉಳಿದ ಲ್ಯಾಟಿನ್ ಅಮೆರಿಕನ್ ಮೂಲದವರ ಚರಿತ್ರೆ, ಬದುಕು ಓದುವುದೇ ಚಿಕಾನೊ-ಲ್ಯಾಟಿನೊ ಸ್ಟಡೀಸ್. ನೀವಿರುವ ಕೌಂಟಿಯ ಕಥೆಯನ್ನೇ ಹೇಳುತ್ತೇನೆ. 1940ರ ದಶಕದಲ್ಲಿ ಆರೆಂಜ್ ಕೌಂಟಿ ಹೆಸರಿಗೆ ತಕ್ಕಂತೆ ಕಿತ್ತಳೆ ತೋಟಗಳ ಸೀಮೆ. ತೋಟದ ಕೂಲಿ ಮಾಡುತ್ತಿದ್ದವರಲ್ಲಿ ಬಹಳ ಮಂದಿ ಮೆಕ್ಸಿಕನ್ ಮೂಲದವರು, ಅವರ ಮಕ್ಕಳಿಗೆ ಬೇರೆ ಶಾಲೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಗೊನ್ಸಾಲೊ ಮತ್ತು ಫೆಲಿಸಿತಾಸ್ ಮೆಂಡೆಸ್ ಅನ್ನುವ ಗಂಡಹೆಂಡತಿ ಒಂದು ಜಮೀನನ್ನು ಗೇಣಿಗೆ ಮಾಡುತ್ತಿದ್ದರು. ಗಂಡ ಮೆಕ್ಸಿಕೊದವರು, ಹೆಂಡತಿ ಪೋರ್ಟೊ ರಿಕೊದವರು. ಜಮೀನು ಮುನೆಮಿತ್ಸು ಅನ್ನುವ ಜಪಾನಿ ಮನೆತನದ್ದು. ಯುದ್ಧದ ಕಾಲ ಅಲ್ವಾ, ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಸರ್ಕಾರ ಶಿಬಿರಗಳಿಗೆ ಸಾಗಿಸಿತ್ತು, ಹಾಗಾಗಿ ಜಮೀನು ಇವರ ಕೈಗೆ ಬಂದಿತ್ತು. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು ಅವರ ಸೋದರತ್ತೆ ಕರೆದುಕೊಂಡು ಹೋದರು, ಜೊತೆಗೆ ತನ್ನ ಮಕ್ಕಳನ್ನೂ. ಶಾಲೆಯವರು ಸೋದರತ್ತೆಯ ಮಕ್ಕಳನ್ನು ತಗೊಳ್ಳಲು ಒಪ್ಪಿದರು. ಆ ಮಕ್ಕಳು ಸ್ವಲ್ಪ ಬೆಳ್ಳಗಿದ್ದರು, ಅಡ್ಡಹೆಸರೂ ಮೆಕ್ಸಿಕನ್ ಅನ್ನಿಸುತ್ತಿರಲಿಲ್ಲ. ಮೆಂಡೆಸ್ ಮಕ್ಕಳಿಗೆ ಮಾತ್ರ ಆಚೆಯ ಮೆಕ್ಸಿಕನ್ ಶಾಲೆಗೆ ಹೋಗಿ ಅಂದರು.

ಮೆಂಡೆಸ್ ಮನೆಯವರು ಇನ್ನೂ ನಾಲ್ಕು ಕುಟುಂಬಗಳ ಜೊತೆ ಸೇರಿ 1945ರಲ್ಲಿ ಫೆಡರಲ್ ಕೋರ್ಟಿಗೆ ಹೋದರು. ಅಲ್ಲಿ ಯುಸಿಎಲ್‌ಎಯ ಮಾನವಶಾಸ್ತ್ರಜ್ಞ ರಾಲ್ಫ್ ಬೀಲ್ಸ್ ಸಾಕ್ಷಿ ಹೇಳಿದರು. ಮಕ್ಕಳನ್ನು ಹೀಗೆ ಬೇರ್ಪಡಿಸಿದರೆ ಅವರ ಕಲಿಕೆಗೆ ಏನಾಗುತ್ತದೆ, ಮನಸ್ಸಿಗೆ ಏನಾಗುತ್ತದೆ ಅಂತ. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಪ್ರತ್ಯೇಕತೆಯ ಉಳಿದ ಕಾನೂನನ್ನು ತೆಗೆದುಹಾಕುವ ಮಸೂದೆಗೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್. ಇವರೇ ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ 1954ರಲ್ಲಿ ಬ್ರೌನ್ ಪ್ರಕರಣದ ತೀರ್ಪು, ಅಂದರೆ ಶಾಲೆಗಳಲ್ಲಿ ಜನಾಂಗ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧ ಅನ್ನುವ ತೀರ್ಪು, ಬರೆದವರು. ಆಗ ಶಾಲೆಗೆ ಸೇರಿಸಿಕೊಳ್ಳದೆ ಕಳಿಸಿದ ಮಕ್ಕಳಲ್ಲಿ ಒಬ್ಬಳಾದ ಸಿಲ್ವಿಯಾ ಮೆಂಡೆಸ್ 2011ರಲ್ಲಿ ಅಮೆರಿಕದ ಅಧ್ಯಕ್ಷರ ಕೈಯಿಂದ ಪದಕ ಪಡೆದರು. ಇಷ್ಟು ದೊಡ್ಡ ಸಂಗತಿ ನಿಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿ ನಡೆದಿದೆ. ನಿಮ್ಮ ಮಗಳು ಓದಲು ಹೊರಟಿರುವುದು ಯಾವುದೋ ದೂರದ ಜನರನ್ನಲ್ಲ, ತಾನು ಹುಟ್ಟಿದ ಊರನ್ನು.

ಈ ವಿಷಯ ಯೂನಿವರ್ಸಿಟಿಯೊಳಗೆ ಬಂದದ್ದು ಚಳವಳಿಯಿಂದಲೇ, ಅದನ್ನು ಯಾರೂ ಮುಚ್ಚಿಡುವುದಿಲ್ಲ. 1965ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕಾರ್ಮಿಕರು ಮುಷ್ಕರ ಹೂಡಿದರು. ಮೊದಲು ಕೆಲಸ ನಿಲ್ಲಿಸಿದ್ದು ಲ್ಯಾರಿ ಇಟ್ಲಿಯಾಂಗ್ ನಾಯಕತ್ವದ ಫಿಲಿಪಿನೊ ಕಾರ್ಮಿಕರು. ಸೀಸರ್ ಚಾವೆಸ್ ಮತ್ತು ಡೊಲೊರೆಸ್ ವೆರ್ತಾ ಅವರ ಸಂಘ ಸೇರಿಕೊಂಡಿದ್ದು ಒಂದು ವಾರದ ನಂತರ. 1968ರ ಮಾರ್ಚಿನಲ್ಲಿ ಪೂರ್ವ ಲಾಸ್ ಏಂಜಲೀಸಿನ ಹೈಸ್ಕೂಲುಗಳಿಂದ ಸಾವಿರಾರು ಮಕ್ಕಳು ಕ್ಲಾಸು ಬಿಟ್ಟು ಬೀದಿಗಿಳಿದರು. ಅವರ ಬೇಡಿಕೆ ಓದಿದರೆ ಆಶ್ಚರ್ಯ ಆಗುತ್ತದೆ, ಅಷ್ಟು ಸಾಧಾರಣ. ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ ಕೊಡಬೇಡಿ, ನಮ್ಮ ಚರಿತ್ರೆಯನ್ನೂ ಪಾಠ ಮಾಡಿ, ಎಲ್ಲರನ್ನೂ ಮರಗೆಲಸ ಮೆಕ್ಯಾನಿಕ್ ಕಡೆಗೇ ತಳ್ಳಬೇಡಿ, ಕಾಲೇಜಿಗೆ ಹೋಗುವಂಥ ಪಾಠ ಮಾಡಿ. ಜೊತೆಗೆ ನಿಂತ ಮೇಷ್ಟ್ರು ಸಾಲ್ ಕ್ಯಾಸ್ಟ್ರೊ ಅವರೂ ಸೇರಿ 13 ಜನರ ಮೇಲೆ ಪಿತೂರಿ ಕೇಸು ಬಿತ್ತು. ಕ್ಯಾಸ್ಟ್ರೊ ಅವರನ್ನು ಕೆಲಸದಿಂದ ದೂರ ಇಟ್ಟರು, ಜನ ಶಿಕ್ಷಣ ಮಂಡಳಿಯ ಕಚೇರಿಯಲ್ಲೇ ಕೂತು ಧರಣಿ ಮಾಡಿದ ಮೇಲೆ ವಾಪಸ್ ತಗೊಂಡರು.

ಅದೇ ವರ್ಷ ಕ್ಯಾಲ್ ಸ್ಟೇಟ್ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕನ್ ಅಮೆರಿಕನ್ ಸ್ಟಡೀಸ್ ಶುರುವಾಯಿತು. ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲಿ ಕಪ್ಪು, ಏಷ್ಯನ್, ಲ್ಯಾಟಿನೊ, ಮೂಲನಿವಾಸಿ ವಿದ್ಯಾರ್ಥಿಗಳು ಒಟ್ಟಾಗಿ ಮುಷ್ಕರ ಹೂಡಿ 1969ರ ಮಾರ್ಚ್‌ವರೆಗೆ ಎಳೆದರು. ಅಲ್ಲಿಂದ ಎಥ್ನಿಕ್ ಸ್ಟಡೀಸ್ (ಇಂಥ ಸಮುದಾಯಗಳ ಅಧ್ಯಯನ) ಅನ್ನುವ ಒಂದು ಕಾಲೇಜೇ ಹುಟ್ಟಿತು. 1969ರ ಏಪ್ರಿಲಿನಲ್ಲಿ ಸ್ಯಾಂಟಾ ಬಾರ್ಬರಾದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ ಒಂದು ಯೋಜನೆ ಬರೆದರು. ಚಿಕಾನೊ ಸ್ಟಡೀಸ್ ಹೇಗಿರಬೇಕು, ಯಾವ ಕೋರ್ಸು, ಮಕ್ಕಳನ್ನು ಹೇಗೆ ಸೇರಿಸಿಕೊಳ್ಳಬೇಕು, ಯೂನಿವರ್ಸಿಟಿ ಸುತ್ತಲಿನ ಜನರಿಗೆ ಏನು ಕೊಡಬೇಕು ಅನ್ನುವುದೆಲ್ಲ ಅದರಲ್ಲಿದೆ. ಆಮೇಲೆ ಇದು ಗಟ್ಟಿಯಾಗಿ ಬೇರು ಬಿಟ್ಟಿತು. ಯುಸಿಎಲ್‌ಎಯಲ್ಲಿ 1969ರಿಂದಲೇ ಸಂಶೋಧನಾ ಕೇಂದ್ರ ಇದೆ, ಪೂರ್ತಿ ವಿಭಾಗಕ್ಕಾಗಿ ಮಾತ್ರ 1993ರಲ್ಲಿ ವಿದ್ಯಾರ್ಥಿಗಳು ಎರಡು ವಾರ ಉಪವಾಸ ಕೂರಬೇಕಾಯಿತು. ಸ್ಯಾಂಟಾ ಬಾರ್ಬರಾದಲ್ಲಿ 2005ರಿಂದ ಪಿಎಚ್‌ಡಿಯೂ ಇದೆ. ನ್ಯೂಯಾರ್ಕಿನ ಕಥೆ ಬೇರೆ. ಅಲ್ಲಿ ಜನ ಪೋರ್ಟೊ ರಿಕೊದವರು, 1973ರಲ್ಲಿ ಅವರ ಅಧ್ಯಯನ ಕೇಂದ್ರ ಶುರುವಾಯಿತು, ಈಗ ಅದು ಹಂಟರ್ ಕಾಲೇಜಿನಲ್ಲಿದೆ.

ಹಾಗಂತ ಒಳಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ ಅಂದುಕೊಳ್ಳಬೇಡಿ. ಈ ವಿಷಯವನ್ನು ಬೆಳೆಸಿದ್ದೇ ಒಳಗಿನ ಜಗಳ. ಮೊದಲ ದಶಕದ ಬರಹಗಳಲ್ಲಿ ನಾಯಕರೆಲ್ಲ ಗಂಡಸರು, ಕಥೆಯೆಲ್ಲ ಮೆಕ್ಸಿಕನ್ನರದು. ಹೆಂಗಸರು ತಿರುಗಿ ಬಿದ್ದರು. 1982ರಲ್ಲಿ ಯುಸಿ ಡೇವಿಸ್‌ನಲ್ಲಿ ತಮ್ಮದೇ ಸಂಘಟನೆ ಕಟ್ಟಿಕೊಂಡರು. 1980ರ ದಶಕದಲ್ಲಿ ಎಲ್ ಸಾಲ್ವಡಾರ್, ಗ್ವಾಟೆಮಾಲಾ ಯುದ್ಧದಿಂದ ಓಡಿ ಬಂದವರ ಮಕ್ಕಳು ಕಾಲೇಜಿಗೆ ಬಂದಾಗ ನಮ್ಮ ಕಥೆ ಇದರಲ್ಲಿ ಎಲ್ಲಿದೆ ಅಂತ ಕೇಳಿದರು, ಕ್ಯಾಲ್ ಸ್ಟೇಟ್ ನಾರ್ತ್‌ರಿಜ್‌ನಲ್ಲಿ 2000ದಲ್ಲಿ ಸೆಂಟ್ರಲ್ ಅಮೆರಿಕನ್ ಸ್ಟಡೀಸ್ ಅಂತಲೇ ಬೇರೆ ಶುರುವಾಯಿತು. ಹೆಸರಿನ ಮೇಲೂ ಜಗಳ ಇದೆ. ಚಿಕಾನೊ ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರು 60ರ ದಶಕದಲ್ಲಿ ಹೆಮ್ಮೆಯಿಂದ ಇಟ್ಟುಕೊಂಡ ಹೆಸರು. ಲ್ಯಾಟಿನೊದಲ್ಲಿ ಪೋರ್ಟೊ ರಿಕೊ, ಕ್ಯೂಬಾ, ಡೊಮಿನಿಕನ್, ಸಾಲ್ವಡಾರ್ ಎಲ್ಲ ಬರುತ್ತದೆ. ಮಗಳು ಮೊದಲ ವಾರದಲ್ಲೇ ಇದನ್ನು ಕಲಿಯುತ್ತಾಳೆ, ನಾನು ಇಲ್ಲಿ ಎಳೆಯುವುದಿಲ್ಲ.

ರಾಜಕೀಯ ಇದರ ಬೆನ್ನು ಬಿಟ್ಟಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಅರಿಜೋನಾದ ಟ್ಯೂಸಾನ್ ಊರಿನ ಹೈಸ್ಕೂಲುಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಸ್ಟಡೀಸ್ ಪಾಠ ಇತ್ತು. 2010ರಲ್ಲಿ ಆ ರಾಜ್ಯ ಅದನ್ನು ಗುರಿಯಿಟ್ಟು ಒಂದು ಕಾನೂನು ಮಾಡಿತು, ಅನುದಾನ ಕಡಿತದ ಬೆದರಿಕೆಗೆ ಶಾಲಾ ಮಂಡಳಿ 2012ರಲ್ಲಿ ಪಾಠ ನಿಲ್ಲಿಸಿತು. ಆ ಪಾಠ ತಗೊಂಡ ಮಕ್ಕಳು ಪರೀಕ್ಷೆ ಪಾಸಾಗುವುದು, ಹೈಸ್ಕೂಲು ಮುಗಿಸುವುದು ಹೆಚ್ಚು ಅಂತ ಅರಿಜೋನಾ ಯೂನಿವರ್ಸಿಟಿಯ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದರು. 2017ರಲ್ಲಿ ಫೆಡರಲ್ ನ್ಯಾಯಾಧೀಶ ವಾಲೆಸ್ ತಶೀಮಾ, ಈ ನಿಷೇಧದ ಹಿಂದೆ ಜನಾಂಗ ದ್ವೇಷ ಇತ್ತು, ಇದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ತಶೀಮಾ ಸ್ವತಃ ಯುದ್ಧಕಾಲದಲ್ಲಿ ಅರಿಜೋನಾದ ಜಪಾನಿ ಶಿಬಿರದಲ್ಲಿ ಬಾಲ್ಯ ಕಳೆದವರು. ಇತ್ತ ಕ್ಯಾಲಿಫೋರ್ನಿಯಾ 2020ರಲ್ಲಿ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಎಲ್ಲರಿಗೂ ಒಂದು ಎಥ್ನಿಕ್ ಸ್ಟಡೀಸ್ ಕೋರ್ಸು ಕಡ್ಡಾಯ ಮಾಡಿತು. ಕಡ್ಡಾಯ ಅಂದ ತಕ್ಷಣ ಮಕ್ಕಳು ಮುಖ ಸಿಂಡರಿಸುತ್ತಾರೆ, ಅದು ಬೇರೆ ಮಾತು.

ಸರಿ, ಒಳಗೆ ಏನು ಓದುತ್ತಾಳೆ? 1848ರಿಂದ ಶುರು. ಯುದ್ಧದಲ್ಲಿ ಸೋತ ಮೆಕ್ಸಿಕೊ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ತನ್ನ ನೆಲದ ಅರ್ಧಕ್ಕೂ ಹೆಚ್ಚನ್ನು ಬಿಟ್ಟುಕೊಟ್ಟಿತು, ಅಮೆರಿಕ 1.5 ಕೋಟಿ ಡಾಲರ್ ಕೊಟ್ಟಿತು. ಕ್ಯಾಲಿಫೋರ್ನಿಯಾ, ನೆವಾಡ, ಯೂಟಾ, ಅರಿಜೋನಾದ ಬಹುಭಾಗ ಎಲ್ಲ ಹಾಗೆ ಬಂದದ್ದು. ಅಲ್ಲಿ ಮೊದಲೇ ಮನೆ ಜಮೀನು ಇದ್ದವರು ಎಲ್ಲಿಗೂ ಹೋಗಲಿಲ್ಲ, ಗಡಿಯೇ ಅವರನ್ನು ದಾಟಿ ಆಚೆಗೆ ಹೋಯಿತು. ಒಪ್ಪಂದದಲ್ಲಿ ಅವರ ಆಸ್ತಿಗೆ ರಕ್ಷಣೆ ಇತ್ತು, ಆದರೆ ಕ್ಯಾಲಿಫೋರ್ನಿಯಾದಲ್ಲಿ ಭೂದಾಖಲೆ ಸಾಬೀತು ಮಾಡಲು ಕೋರ್ಟು ಅಲೆದು ಅಲೆದು ವಕೀಲರ ಖರ್ಚಿಗೇ ಜಮೀನು ಕಳೆದುಕೊಂಡವರು ಬಹಳ. (ಇನಾಂ ಜಮೀನಿನ ಕೇಸು ನೋಡಿದ ಮನೆಯವರಿಗೆ ಈ ಭಾಗ ಹೆಚ್ಚು ವಿವರಿಸಬೇಕಿಲ್ಲ.)

ಆಮೇಲೆ 1930ರ ದಶಕ. ಆರ್ಥಿಕ ಕುಸಿತ ಬಂದಾಗ ಮೆಕ್ಸಿಕನ್ನರನ್ನು ರೈಲು ಹತ್ತಿಸಿ ವಾಪಸ್ ಕಳಿಸಿದರು. ಲಕ್ಷಗಟ್ಟಲೆ ಜನ. ಅವರಲ್ಲಿ ಬಹಳ ಮಂದಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕ್ಯಾಲಿಫೋರ್ನಿಯಾ ಇದಕ್ಕೆ ಕ್ಷಮೆ ಕೇಳುವ ಕಾನೂನು ಮಾಡಿದ್ದು 2005ರಲ್ಲಿ. ಹೀಗೆ ಕಳಿಸಿ ಹೆಚ್ಚು ಕಾಲ ಆಗಿರಲಿಲ್ಲ, 1942ರಲ್ಲಿ ಯುದ್ಧದಿಂದಾಗಿ ಕೆಲಸಕ್ಕೆ ಆಳು ಬೇಕಾದಾಗ ಅದೇ ಮೆಕ್ಸಿಕೊದಿಂದ ಬ್ರಾಸೆರೊ ಅನ್ನುವ ಯೋಜನೆಯಲ್ಲಿ ಕೂಲಿಯವರನ್ನು ಕರೆಸಿದರು. 1964ರವರೆಗೆ ಸುಮಾರು 46 ಲಕ್ಷ ಕೆಲಸದ ಒಪ್ಪಂದಗಳು. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಡಿಡಿಟಿ ಪುಡಿ ಹೊಡೆಯುತ್ತಿದ್ದರು, 1956ರಲ್ಲಿ ತೆಗೆದ ಆ ಫೋಟೋಗಳು ಈಗಲೂ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿವೆ. ಮೊದಲ ವರ್ಷಗಳಲ್ಲಿ ಕೂಲಿಯಿಂದ ನೂರಕ್ಕೆ ಹತ್ತು ಮುರಿದುಕೊಂಡು ಉಳಿತಾಯ ಖಾತೆಗೆ ಅಂದರು. ಊರಿಗೆ ಹೋದ ಮೇಲೆ ಆ ದುಡ್ಡು ಬಹಳ ಜನಕ್ಕೆ ಸಿಗಲೇ ಇಲ್ಲ. ಮುದುಕರಾದ ಮೇಲೆ ಕೇಸು ಹಾಕಿದರು. ಇಂಥವರ ಮಾತನ್ನು ರೆಕಾರ್ಡ್ ಮಾಡಿ ಒಂದು ದೊಡ್ಡ ಆರ್ಕೈವ್ ಮಾಡಿದ್ದಾರೆ, ಇಂಟರ್ನೆಟ್ಟಿನಲ್ಲೇ ಕೇಳಬಹುದು. ಮಗಳ ಜೊತೆ ನೀವೂ ಒಂದು ಕೇಳಿ.

ಈಗ ನಮಗೇ ಸಂಬಂಧಪಟ್ಟ ಒಂದು ಸಂಗತಿ. ನಮ್ಮ ಕನ್ನಡದ ಡಾಕ್ಟರುಗಳು, ಎಂಜಿನಿಯರುಗಳು ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಬರಲು ಆಗಿದ್ದು 1965ರ ವಲಸೆ ಕಾನೂನಿನಿಂದ. ಅದಕ್ಕೆ ಮೊದಲು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ, ಅದೂ 1946ರಿಂದ ಈಚೆಗೆ. 1965ರ ಕಾನೂನನ್ನು ನಾವೆಲ್ಲ ಬಾಗಿಲು ತೆರೆದ ಕಾನೂನು ಅಂತಲೇ ನೆನೆಯುತ್ತೇವೆ. ಅದೇ ಕಾನೂನು ಮೆಕ್ಸಿಕೊ ಕಡೆಯ ಬಾಗಿಲಿಗೆ ಮೊದಲ ಬಾರಿಗೆ ಅಳತೆ ಹಾಕಿತು. ಅಲ್ಲಿಯವರೆಗೆ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳ ದೇಶಗಳಿಂದ ಬರುವವರಿಗೆ ಸಂಖ್ಯೆಯ ಮಿತಿ ಇರಲಿಲ್ಲ. 1968ರಿಂದ ಎಲ್ಲ ಸೇರಿ ವರ್ಷಕ್ಕೆ 1,20,000 ಅಂತಾಯಿತು, 1976ರ ತಿದ್ದುಪಡಿಯಲ್ಲಿ ಒಂದೊಂದು ದೇಶಕ್ಕೆ 20,000. ಬ್ರಾಸೆರೊ ಯೋಜನೆಯಲ್ಲಿ 1956ರ ಒಂದೇ ವರ್ಷ 4.4 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು, ಅದೂ 1964ಕ್ಕೆ ನಿಂತಿತ್ತು. ತೋಟಗಳಿಗೆ ಆಳು ಬೇಡವಾಯಿತಾ? ಇಲ್ಲ. ಅದೇ ಜನ ಅದೇ ತೋಟಕ್ಕೆ ಬರುತ್ತಲೇ ಇದ್ದರು, ಕಾಗದ ಮಾತ್ರ ಇರಲಿಲ್ಲ. ಕಾಗದವಿಲ್ಲದ ವಲಸೆ ಹೀಗೆ ಕಾನೂನಿನಿಂದಲೇ ಹುಟ್ಟಿತು ಅನ್ನುವುದನ್ನು ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಅಂಕಿಅಂಶ ಇಟ್ಟು ವಾದಿಸಿದ್ದಾರೆ. ನಮ್ಮವರ ಮನೆಗಳಲ್ಲಿ, ನಾವು ಲೈನಲ್ಲಿ ನಿಂತು ಬಂದೆವು, ಅವರು ಹಾಗಲ್ಲ ಅನ್ನುವ ಮಾತು ಕೇಳಿರುತ್ತೀರಿ. ಆ ಲೈನನ್ನು ಯಾರು ಯಾವಾಗ ಎಳೆದರು ಅಂತ ಓದಿದ ಮೇಲೆ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ನನ್ನ ಪ್ರಕಾರ ಭಾರತೀಯ ಮನೆಯ ಮಕ್ಕಳು ಈ ವಿಷಯ ಓದಬೇಕಾದ ದೊಡ್ಡ ಕಾರಣ ಇದೇ.

ನಾವು ಆ ಜನ ಅಲ್ಲ ಅಂದಿರಿ. ಪೂರ್ತಿ ಹಾಗನ್ನಲೂ ಆಗುವುದಿಲ್ಲ. ಸುಮಾರು 1910ರಿಂದ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯಲು ಬಂದ ಪಂಜಾಬಿ ಗಂಡಸರು ಊರಿಂದ ಹೆಂಡತಿಯರನ್ನು ಕರೆಸುವಂತಿರಲಿಲ್ಲ, ಬಿಳಿಯರನ್ನು ಮದುವೆಯಾಗುವಂತಿರಲಿಲ್ಲ. ಅವರಲ್ಲಿ ಬಹಳ ಮಂದಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಮದುವೆ ರಿಜಿಸ್ಟರ್ ಮಾಡುವ ಗುಮಾಸ್ತನಿಗೆ ಇಬ್ಬರ ಬಣ್ಣವೂ ಒಂದೇ ಕಂಡಿತು. ಅಪ್ಪ ಗುರುದ್ವಾರಕ್ಕೆ, ಅಮ್ಮ ಮಕ್ಕಳು ಚರ್ಚಿಗೆ, ಮನೆಯ ಮಾತು ಸ್ಪ್ಯಾನಿಷ್. ಈ ಕುಟುಂಬಗಳ ಬಗ್ಗೆ ಒಳ್ಳೆ ಸಂಶೋಧನೆ ಮಾಡಿದ ಕ್ಯಾರೆನ್ ಲೆನಾರ್ಡ್ ಪಾಠ ಮಾಡುತ್ತಿದ್ದದ್ದು ನಿಮ್ಮ ಕೌಂಟಿಯ ಯುಸಿ ಅರ್ವೈನ್‌ನಲ್ಲೇ. ಕಾನೂನು ನೋಡಿದರೆ ಇನ್ನೂ ವಿಚಿತ್ರ. 1897ರಲ್ಲಿ ಟೆಕ್ಸಾಸ್ ಕೋರ್ಟೊಂದು, 1848ರ ಒಪ್ಪಂದ ಇರುವುದರಿಂದ ಮೆಕ್ಸಿಕನ್ನರು ನೋಡಲು ಹೇಗೇ ಇದ್ದರೂ ಪ್ರಜೆಗಳಾಗಬಹುದು ಅಂದಿತು. 1923ರಲ್ಲಿ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪ್ರಜೆಗಳಾಗುವಂತಿಲ್ಲ ಅಂದಿತು.

ಕ್ಲಾಸಿನಲ್ಲಿ ಸೇರಿಸಿಕೊಳ್ಳುತ್ತಾರಾ ಅನ್ನುವುದಕ್ಕೆ ಉತ್ತರ, ನಿಯಮದ ಪ್ರಕಾರ ಯಾರು ಬೇಕಾದರೂ ಈ ಮೇಜರ್ ತಗೊಳ್ಳಬಹುದು. ಮನಸ್ಸಿನ ವಿಷಯಕ್ಕೆ ಬಂದರೆ, ಒಂದೆರಡು ಸಲ ನೀನು ಯಾಕೆ ಬಂದೆ ಅಂತ ಕೇಳುತ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ. ಈ ಸಮುದಾಯಗಳಿಗೆ ಬಂದು ಫಾರಂ ತುಂಬಿಸಿಕೊಂಡು, ಥೀಸಿಸ್ ಬರೆದು, ಮತ್ತೆ ಆ ಕಡೆ ತಲೆ ಹಾಕದ ಸಂಶೋಧಕರನ್ನು ಅವರು ಬೇಕಾದಷ್ಟು ನೋಡಿದ್ದಾರೆ. ನಾನು ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟೇ. ಸಂದರ್ಶನಕ್ಕೆ ಹೋಗುವ ಮುಂಚೆ ಆ ಜಾಗದಲ್ಲಿ ಏನಾದರೂ ಕೆಲಸ ಮಾಡು. ಕ್ಲಿನಿಕ್ಕಿನಲ್ಲಿ ಕಾಗದಪತ್ರ ತುಂಬಿಸು, ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡು. ಮುಖ ಪರಿಚಯ ಆಗಲಿ. ಯೂನಿವರ್ಸಿಟಿಯಲ್ಲಿ ಸಂಶೋಧನೆಯ ನೀತಿ ನೋಡಿಕೊಳ್ಳುವ ಐಆರ್‌ಬಿ ಸಮಿತಿಯ ಅನುಮತಿ ಇಲ್ಲದೆ ಸಂಶೋಧನೆಗೆ ಅಂತ ಯಾರನ್ನೂ ಪ್ರಶ್ನೆ ಕೇಳುವಂತಿಲ್ಲ, ಅದು ನಿಯಮ. ನಿಯಮದಾಚೆಗೂ ಕೆಲವು ಮರ್ಯಾದೆಗಳಿವೆ. ಯಾರನ್ನೂ ಕಾಗದ ಇದೆಯಾ ಅಂತ ಕೇಳಬಾರದು. ಅವರಾಗೇ ಹೇಳಿದರೂ ನೋಟ್‌ಬುಕ್ಕಿನಲ್ಲಿ ಹೆಸರಿನ ಜೊತೆ ಬರೆಯಬಾರದು, ಫೋನಿನಲ್ಲಿ ಇಟ್ಟುಕೊಳ್ಳಬಾರದು. ಈಗಿನ ದಿನಗಳಲ್ಲಂತೂ ಒಂದು ಅಜಾಗರೂಕ ಟಿಪ್ಪಣಿಯಿಂದ ಒಂದು ಮನೆ ಮುರಿಯಬಹುದು. ಬರೆದದ್ದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಾಪಸ್ ತೋರಿಸಬೇಕು.

ಆ ಭಾಷೆ ಸ್ಪ್ಯಾನಿಷ್ಷೇ ಆಗಿರಬೇಕು ಅಂತಲೂ ಇಲ್ಲ. ಆಕ್ಸ್‌ನಾರ್ಡ್, ಸಲೀನಸ್, ಫ್ರೆಸ್ನೊ ಕಡೆಯ ಹೊಲಗಳಲ್ಲಿ ಕೆಲಸ ಮಾಡುವವರಲ್ಲಿ ಮೆಕ್ಸಿಕೊದ ವಹಾಕಾ ರಾಜ್ಯದಿಂದ ಬಂದ ಮಿಕ್ಸ್‌ಟೆಕ್, ಜಾಪೊಟೆಕ್ ಜನ ಬಹಳ. ಅವರ ಮನೆಮಾತು ಬೇರೆ, ಕೆಲವರಿಗೆ ಸ್ಪ್ಯಾನಿಷ್ ಬರುವುದೇ ಇಲ್ಲ. ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ದುಭಾಷಿಯನ್ನು ಕರೆಸಿ ಕೆಲಸ ಆಯಿತು ಅಂದುಕೊಳ್ಳುತ್ತಾರೆ. 2020ರ ಜನಗಣತಿಯಲ್ಲಿ ಅಮೆರಿಕದಲ್ಲಿ ಲ್ಯಾಟಿನೊಗಳು 6.2 ಕೋಟಿ, ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೆ 39 ಜನ. ಲ್ಯಾಟಿನೊ ಅನ್ನುವ ಇಷ್ಟು ದೊಡ್ಡ ಹೆಸರಿನೊಳಗೆ ಯಾರ್ಯಾರು ಇದ್ದಾರೆ ಅಂತ ಬಿಡಿಸಿ ನೋಡುವುದೇ ಈ ಓದಿನ ಅರ್ಧ ಕೆಲಸ.

ಈಗ ಮೆಡಿಕಲ್ ವಿಷಯ. ತೊಂದರೆ ಆಗುತ್ತದಾ ಅಂತ ಕೇಳಿದಿರಿ, ನಾನು ಉಪಯೋಗ ಆಗುತ್ತದೆ ಅನ್ನುತ್ತೇನೆ. ಮೊದಲು ಒಂದು ಕೆಟ್ಟ ಕಥೆ. ಲಾಸ್ ಏಂಜಲೀಸ್ ಕೌಂಟಿಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ 1970ರ ಹೊತ್ತಿಗೆ ಹೆರಿಗೆಗೆ ಬಂದ ಮೆಕ್ಸಿಕನ್ ಮೂಲದ ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಬಿಟ್ಟಿದ್ದರು. ನೋವಿನ ಮಧ್ಯೆ ಇಂಗ್ಲಿಷ್ ಫಾರಮ್ಮಿಗೆ ಸಹಿ ಹಾಕಿಸಿಕೊಂಡಿದ್ದರು. ಕೆಲವರಿಗೆ ಏನಾಯಿತು ಅಂತಲೇ ಗೊತ್ತಿರಲಿಲ್ಲ. 10 ಜನ ಹೆಂಗಸರು 1975ರಲ್ಲಿ ಕೇಸು ಹಾಕಿದರು. ಮಾನವಶಾಸ್ತ್ರಜ್ಞ ಕಾರ್ಲೊಸ್ ವೆಲೆಸ್-ಇಬಾನ್ಯೆಸ್ ಅವರ ಪರವಾಗಿ ಸಾಕ್ಷಿ ಹೇಳಿದರು. ಮಕ್ಕಳಾಗದ ಸ್ಥಿತಿ ಈ ಹೆಂಗಸರ ಬದುಕನ್ನು ಹೇಗೆ ಒಡೆದುಹಾಕಿದೆ ಅಂತ ತಿಂಗಳುಗಟ್ಟಲೆ ಕೆಲಸ ಮಾಡಿ ಕಂಡುಕೊಂಡಿದ್ದನ್ನು ಕೋರ್ಟಿಗೆ ಹೇಳಿದರು. 1978ರಲ್ಲಿ ನ್ಯಾಯಾಧೀಶರು ಅದನ್ನೇ ತಿರುಗಿಸಿ, ಇವರಿಗೆ ಇಷ್ಟು ನೋವಾಗಿದ್ದು ಇವರ ಸಂಸ್ಕೃತಿಯಿಂದ, ಡಾಕ್ಟರುಗಳಿಗೆ ಅದು ಹೇಗೆ ಗೊತ್ತಾಗಬೇಕು ಅಂತ ಕೇಸು ತಳ್ಳಿಹಾಕಿದರು. ಕೌಂಟಿ ಕ್ಷಮೆ ಕೇಳಿದ್ದು 2018ರಲ್ಲಿ. ಮೆಂಡೆಸ್ ಕೇಸಿನಲ್ಲಿ ಸಂಶೋಧಕರ ಸಾಕ್ಷಿ ಮಕ್ಕಳನ್ನು ಉಳಿಸಿತು, ಇಲ್ಲಿ ಹೆಂಗಸರಿಗೇ ತಿರುಗಿಬಿತ್ತು. ಸಂಶೋಧನೆಯ ವಿಧಾನದ ಕ್ಲಾಸು ತಪ್ಪಿಸಬಾರದು ಅಂತ ಮೊದಲೇ ಹೇಳಿದ್ದು ಇದಕ್ಕೇ. ಏನು ಕಂಡೆವು ಅನ್ನುವುದರ ಜೊತೆ, ಹೇಳಿದ್ದನ್ನು ಎದುರಿನವರು ಹೇಗೆ ಬಳಸಬಹುದು ಅಂತಲೂ ಯೋಚನೆ ಮಾಡುವುದನ್ನು ಅಲ್ಲಿ ಕಲಿಸುತ್ತಾರೆ, ಕಲಿಸಬೇಕು.

ಒಳ್ಳೆಯದೂ ಇದೆ. ಸಲೀನಸ್ ಕಣಿವೆ ಲೆಟಿಸ್, ಸ್ಟ್ರಾಬೆರಿಯ ಊರು. ಅಲ್ಲಿ ಬರ್ಕ್ಲಿ ಯೂನಿವರ್ಸಿಟಿಯ ಬ್ರೆಂಡಾ ಎಸ್ಕೆನಾಜಿ ತಂಡ 1999-2000ದಲ್ಲಿ 601 ಬಸುರಿ ಹೆಂಗಸರನ್ನು ಸೇರಿಸಿಕೊಂಡು ಚಮಾಕೊಸ್ ಅನ್ನುವ ಅಧ್ಯಯನ ಶುರು ಮಾಡಿತು, ಹುಟ್ಟಿದ ಮಕ್ಕಳು ದೊಡ್ಡವರಾಗುವವರೆಗೂ ಬಿಡಲಿಲ್ಲ. ಹೊಲದ ಕೀಟನಾಶಕ ಅಮ್ಮನ ಮೈಯಲ್ಲಿ ಹೆಚ್ಚಿದ್ದರೆ ಮಗುವಿನ ಬುದ್ಧಿ ಬೆಳವಣಿಗೆ ಹಿಂದೆ ಬೀಳುವುದು ಕಂಡುಬಂತು. ಅಂಥ ಒಂದು ಕೀಟನಾಶಕ ಕ್ಲೋರ್‌ಪೈರಿಫಾಸ್. ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಅದರ ಮಾರಾಟ ನಿಂತುಹೋಯಿತು. ಸರ್ಕಾರದ ಆ ನಿರ್ಧಾರದ ಹಿಂದೆ ಇಂಥ ಅಧ್ಯಯನಗಳ ಬಲ ಇತ್ತು. (ಕ್ಲೋರ್‌ಪೈರಿಫಾಸ್ ನಿಮ್ಮ ದಾವಣಗೆರೆ ಕಡೆಯ ಗೊಬ್ಬರದಂಗಡಿಯಲ್ಲೂ ಮಾರುವ ಹೆಸರೇ.) ಇಂಥ ಕೆಲಸ ಬರೀ ಲ್ಯಾಬಿನಿಂದ ಆಗುವುದಿಲ್ಲ. ಪ್ರೊಮೊತೋರಾ ಅಂತ ಇರುತ್ತಾರೆ, ನಮ್ಮ ಆಶಾ ಕಾರ್ಯಕರ್ತೆಯರ ಥರ, ಅದೇ ಊರಿನ ಹೆಂಗಸರು. ಅವರ ನಂಬಿಕೆ ಗಳಿಸದ ಡಾಕ್ಟರಿಗೆ ಅಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ.

ಬಯಾಲಜಿ ಓದುವವಳಿಗೆ ಇನ್ನೊಂದು. ಅಮೆರಿಕದಲ್ಲಿ ಆಸ್ತಮಾ ಅತಿ ಹೆಚ್ಚು ಇರುವುದು ಪೋರ್ಟೊ ರಿಕೊ ಮೂಲದವರಲ್ಲಿ, ಅತಿ ಕಮ್ಮಿ ಇರುವವರ ಸಾಲಿನಲ್ಲಿ ಮೆಕ್ಸಿಕನ್ ಮೂಲದವರು. ಆಸ್ಪತ್ರೆಯ ಫಾರಮ್ಮಿನಲ್ಲಿ ಇಬ್ಬರಿಗೂ ಒಂದೇ ಕಾಲಂ. ಆ ಕಾಲಂ ನೋಡಿ ಸರಾಸರಿ ತೆಗೆದರೆ ಇಬ್ಬರಿಗೂ ಸುಳ್ಳು ಹೇಳಿದಂತೆ. ಅದೇ ರೀತಿ 1986ರಲ್ಲಿ ಇಬ್ಬರು ಸಂಶೋಧಕರು ಒಂದು ಸೋಜಿಗ ಗುರುತಿಸಿದರು. ಆದಾಯ ಕಮ್ಮಿ, ವಿಮೆ ಕಮ್ಮಿ, ಆದರೂ ಲ್ಯಾಟಿನೊಗಳ ಆಯಸ್ಸಿನಂಥ ಲೆಕ್ಕಗಳು ಬಿಳಿಯರಿಗೆ ಹತ್ತಿರ ಇವೆ, ಕೆಲವು ಕಡೆ ಅದಕ್ಕಿಂತ ಚೆನ್ನಾಗಿವೆ. ಸಿಗರೇಟು ಕಮ್ಮಿ ಸೇದುವುದಾ, ಕುಟುಂಬದ ಆಸರೆಯಾ, ಗಟ್ಟಿಯಿದ್ದವರೇ ವಲಸೆ ಬರುವುದಾ, ಇನ್ನೂ ವಾದ ಮುಗಿದಿಲ್ಲ.

ನಿಮ್ಮ ಕೌಂಟಿಯದೇ ಯುಸಿ ಅರ್ವೈನ್ ಮೆಡಿಕಲ್ ಸ್ಕೂಲಿನಲ್ಲಿ 2004ರಿಂದ ಪ್ರೈಮ್-ಎಲ್‌ಸಿ ಅನ್ನುವ ಐದು ವರ್ಷದ ಕೋರ್ಸ್ ಇದೆ. ಎಂ.ಡಿ. ಜೊತೆ ಒಂದು ಮಾಸ್ಟರ್ಸ್, ಲ್ಯಾಟಿನೊ ಸಮುದಾಯಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರುಗಳನ್ನು ತಯಾರು ಮಾಡಲಿಕ್ಕೆ ಅಂತಲೇ ಮಾಡಿದ್ದು. ಅಲ್ಲಿಗೆ ಅರ್ಜಿ ಹಾಕುವವಳಿಗೆ ಬಯಾಲಜಿಯ ಜೊತೆ ಈ ಮೇಜರ್ ಇದ್ದರೆ, ಸ್ಪ್ಯಾನಿಷ್ ಸರಾಗವಾಗಿ ಬಂದರೆ, ಅದು ತೂಕದ ಮಾತು. ಗ್ರೇಡು ಬಿದ್ದರೆ ಮಾತ್ರ ಯಾವ ಮೇಜರ್ರೂ ಕಾಪಾಡುವುದಿಲ್ಲ, ಅದನ್ನು ಅವಳಿಗೆ ನೀವು ಹೇಳುವುದೇ ಬೇಡ, ಗೊತ್ತಿರುತ್ತದೆ.

ಮೆಡಿಕಲ್ ಆಗದಿದ್ದರೆ? ಸಾರ್ವಜನಿಕ ಆರೋಗ್ಯ, ವಕೀಲಿಕೆ, ಶಾಲಾ ಮಾಸ್ತರಿಕೆ, ಸಮಾಜ ಕಾರ್ಯ. ಸಾಫ್ಟ್‌ವೇರ್ ಸಂಬಳ ಬರಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎರಡು ಭಾಷೆ ಬರುವವರಿಗೆ ಈ ಕ್ಷೇತ್ರಗಳಲ್ಲಿ ಕೆಲಸಕ್ಕೆ ಬರ ಇಲ್ಲ.

ಈಗ ಮಾಡಬೇಕಾದದ್ದು. ಎರಡು ಮೇಜರ್ ನಾಲ್ಕು ವರ್ಷದಲ್ಲಿ ಮುಗಿಯುತ್ತಾ ಅಂತ ಎರಡೂ ವಿಭಾಗದ ಕೌನ್ಸೆಲರ್ ಹತ್ತಿರ ಕೂತು ಕ್ವಾರ್ಟರ್ ಕ್ವಾರ್ಟರ್ ಲೆಕ್ಕ ಹಾಕಿಸಲಿ, ಬಯಾಲಜಿ ಲ್ಯಾಬು ಮತ್ತು ಇಲ್ಲಿನ ಕ್ಲಾಸು ಒಂದೇ ಹೊತ್ತಿಗೆ ಬಿದ್ದು ಒದ್ದಾಡುವುದು ಮಾಮೂಲಿ. ಹೊಂದದಿದ್ದರೆ ಮೈನರ್ (ಕಮ್ಮಿ ಕೋರ್ಸಿನ ಉಪವಿಷಯ) ಮಾಡಿಕೊಳ್ಳಲಿ, ಅದೇನೂ ಸಣ್ಣದಲ್ಲ. ಮೊದಲ ಕ್ಲಾಸು ಚರಿತ್ರೆಯದ್ದು ತಗೊಳ್ಳಲಿ, ಆರೋಗ್ಯದ್ದು ಆಮೇಲೆ. ಚರಿತ್ರೆ ಗೊತ್ತಿಲ್ಲದೆ ಆರೋಗ್ಯದ ಕ್ಲಾಸಿಗೆ ಹೋದವರು ಎಲ್ಲಕ್ಕೂ ಊಟ ತಿಂಡಿಯೇ ಕಾರಣ ಅಂದುಕೊಂಡು ಬರುತ್ತಾರೆ. ಈ ಬೇಸಿಗೆಯಲ್ಲಿ ಸ್ಪ್ಯಾನಿಷ್ ಶುರು ಮಾಡಲಿ, ಕಮ್ಯುನಿಟಿ ಕಾಲೇಜಿನಲ್ಲಿ ಫೀಸು ಕಮ್ಮಿ. ಆದರೆ ಸೇರುವ ಮುಂಚೆ, ಆ ಯೂನಿಟ್ಟುಗಳು ತನ್ನ ಯೂನಿವರ್ಸಿಟಿಗೆ ವರ್ಗ ಆಗುತ್ತವಾ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಲಿ.